ಮಣ್ಣಿನ ಸಾಲ ಮೊದಲು ತೀರಲಿ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ ಕಡೆಯ ತಂಬಾಕು ಬೆಳೆಗಾರನನ್ನು ನೋಡಿ. ಬ್ಯಾರನ್ನಿಗೆ, ಗೊಬ್ಬರಕ್ಕೆ ಆತ ಬ್ಯಾಂಕಿನಲ್ಲಿ ಸಾಲ ಮಾಡುತ್ತಾನೆ. ಹರಾಜು ಮಾರುಕಟ್ಟೆಯಲ್ಲಿ ತಂಬಾಕು ಮಾರಾಟವಾದೊಡನೆ ಬ್ಯಾಂಕು ತನ್ನ ಬಾಕಿಯನ್ನು ಮುರಿದುಕೊಳ್ಳುತ್ತದೆ. ಉಳಿದದ್ದು ಮಾತ್ರ ಬೆಳೆಗಾರನ ಕೈಗೆ.

ಇನ್ನು ಕಾರ್ಖಾನೆಯ ಮಾತಿಗೆ ಬರೋಣ. ಅದು ವರ್ಷಗಟ್ಟಲೆ ಹಳ್ಳಕ್ಕೆ ವಿಷ ಬಿಡುತ್ತದೆ, ಹಿತ್ತಿಲಲ್ಲಿ ತ್ಯಾಜ್ಯ ಹೂಳುತ್ತದೆ, ಕೊನೆಗೆ ದಿವಾಳಿ ಎನ್ನುತ್ತದೆ. ಆಗ ಆ ಮಣ್ಣನ್ನು ಶುಚಿಗೊಳಿಸುವವರು ಯಾರು? 2016ರ ದಿವಾಳಿ ಸಂಹಿತೆಯ 53ನೇ ಕಲಮು ಆಸ್ತಿ ಮಾರಿ ಬಂದ ಹಣ ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂದು ಸಾಲು ಹಚ್ಚಿದೆ. ದಿವಾಳಿ ಪ್ರಕ್ರಿಯೆಯ ಖರ್ಚು, ಕಾರ್ಮಿಕರ 24 ತಿಂಗಳ ಬಾಕಿ ಮತ್ತು ಅಡಮಾನದ ಮೇಲೆ ಸಾಲ ಕೊಟ್ಟ ಬ್ಯಾಂಕುಗಳು, ಬಳಿಕ ಉಳಿದವರು. ಈ ಸಾಲಿನಲ್ಲಿ ಮಣ್ಣಿನ ಹೆಸರಿಲ್ಲ, ಬಾವಿಯ ಹೆಸರಿಲ್ಲ.

ಇದರ ಫಲವೇನೆಂದು ತಿಳಿಯಲು ಕೋಲಾರದ ಚಿನ್ನದ ಗಣಿಯನ್ನು ನೋಡಿದರೆ ಸಾಕು. ನಷ್ಟದಲ್ಲಿದ್ದ ಭಾರತ್ ಗೋಲ್ಡ್ ಮೈನ್ಸ್ 2001ರಲ್ಲಿ ಮುಚ್ಚಿತು. ಸುಮಾರು 3.3 ಕೋಟಿ ಟನ್ ತ್ಯಾಜ್ಯದ 13 ದಿಬ್ಬಗಳು ಅಲ್ಲೇ ಉಳಿದವು. ಸೈನೈಡಿನಿಂದ ಚಿನ್ನ ತೆಗೆದು ಸುರಿದ ಆ ದಿಬ್ಬಗಳ ಧೂಳು ಗಾಳಿಗೆ ಎದ್ದು ಗಣಿ ಕಾರ್ಮಿಕರ ಮನೆಗಳನ್ನು ಹೊಗುತ್ತದೆ. ಆ ಕಾರ್ಮಿಕರಲ್ಲಿ ಬಹುಪಾಲು ದಲಿತರು. ಕಂಪನಿ ಕೇಂದ್ರ ಸರ್ಕಾರದ್ದು. ಕಂಪನಿ ದಿವಾಳಿಯಾಗಿರಬಹುದು, ಸರ್ಕಾರವೂ ದಿವಾಳಿಯಾಗಿತ್ತೇ? ಜೂನ್ 2024ರಲ್ಲಿ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ ಒಪ್ಪಿದ್ದು ದಿಬ್ಬಗಳಲ್ಲಿ ಉಳಿದ ಚಿನ್ನ ತೆಗೆಯುವುದಕ್ಕೆ. ವಿಷವಿದೆ ಎಂದಾಗ ಯಾರೂ ಬರಲಿಲ್ಲ, ಚಿನ್ನವಿದೆ ಎಂದಾಗ ಬಂದರು.

ಜುಲೈ 2025ರಲ್ಲಿ ಕಲುಷಿತ ನಿವೇಶನಗಳ ಬಗ್ಗೆ ಕೇಂದ್ರ ಹೊಸ ನಿಯಮಗಳನ್ನು ತಂದಿತು. ಕೆಡಿಸಿದವನೇ ವೆಚ್ಚ ಭರಿಸಬೇಕು, ಅವನಿಂದಾಗದಿದ್ದರೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಭರಿಸಬೇಕು ಎನ್ನುತ್ತವೆ ಅವು. ಎಂದರೆ ನಮ್ಮ ತಂಬಾಕು ಬೆಳೆಗಾರನ ತೆರಿಗೆಯಿಂದ! ಗಣಿಗಾರಿಕೆಯ ಮಾಲಿನ್ಯವಂತೂ ಈ ನಿಯಮಗಳ ಹೊರಗೆ. ಆ ಹೊತ್ತಿಗೆ ದೇಶದಲ್ಲಿ ಗುರುತಿಸಿದ್ದ 103 ಸ್ಥಳಗಳ ಪೈಕಿ ಕೆಲಸ ಆರಂಭವಾಗಿದ್ದುದು ಏಳರಲ್ಲಿ ಮಾತ್ರ.

ಮೃತನ ಸಾಲ ತೀರದೆ ವಾರಸುದಾರರಿಗೆ ಪಾಲಿಲ್ಲ ಎನ್ನುತ್ತದೆ ಇಸ್ಲಾಮ್. ಸತ್ತ ಕಂಪನಿಗೂ ಇದೇ ನ್ಯಾಯ ಏಕಿರಬಾರದು? ಮಣ್ಣೂ ನೀರೂ ಅದಕ್ಕೆ ಸಾಲ ಕೊಟ್ಟವೇ. ಆದರೆ ಇದನ್ನು ಇತರರಿಗೆ ಬೋಧಿಸಿ ಸುಮ್ಮನಾಗುವ ಹಕ್ಕು ನಮಗಿಲ್ಲ. ಕೆಡಿಸಿದವನೇ ತೆರಬೇಕೆಂಬ ತತ್ವವನ್ನು ಸುಪ್ರೀಂ ಕೋರ್ಟ್ 1996ರಲ್ಲಿ ಎತ್ತಿಹಿಡಿದ ವೆಲ್ಲೂರು ಪ್ರಕರಣ ಪಾಲಾರ್ ನದಿಯನ್ನು ಕೆಡಿಸಿದ ಚರ್ಮ ಹದ ಮಾಡುವ ಘಟಕಗಳದ್ದು. ಆಂಬೂರು, ವಾಣಿಯಂಬಾಡಿಯ ಆ ಉದ್ಯಮದಲ್ಲಿ ನಮ್ಮ ಸಮುದಾಯದ ಪಾಲು ದೊಡ್ಡದು. ವುಝೂಗೆ ಶುದ್ಧ ನೀರು ಬೇಕೆನ್ನುವವರು ಊರಿನ ನೀರನ್ನು ಕೆಡಿಸಿದರೆ ಅದು ಯಾವ ಧರ್ಮ?

ಮಣ್ಣಿಗೆ ಮೊದಲ ಸ್ಥಾನ ಕೊಟ್ಟರೆ ಬ್ಯಾಂಕುಗಳು ಉದ್ಯಮಕ್ಕೆ ಸಾಲ ಕೊಡಲು ಹಿಂಜರಿಯುತ್ತವೆ ಎಂಬ ವಾದವಿದೆ. ಹಿಂಜರಿಯಲಿ. ತನ್ನ ಹಣ ಮುಳುಗುತ್ತದೆಂಬ ಭಯವಿದ್ದರೆ ಬ್ಯಾಂಕು ಲೆಕ್ಕಪತ್ರದ ಜೊತೆಗೆ ಕಾರ್ಖಾನೆಯ ಚರಂಡಿಯನ್ನೂ ನೋಡುತ್ತದೆ. ಕೆನಡಾದ ಸುಪ್ರೀಂ ಕೋರ್ಟ್ 2019ರಲ್ಲಿ ರೆಡ್‌ವಾಟರ್ ಎಂಬ ದಿವಾಳಿ ತೈಲ ಕಂಪನಿಯ ಪ್ರಕರಣದಲ್ಲಿ ಹೇಳಿದ್ದು ಇದನ್ನೇ: ಪಾಳು ಬಾವಿಗಳನ್ನು ಮುಚ್ಚುವ ಹೊಣೆ ಮೊದಲು, ಸಾಲಿಗರಿಗೆ ಹಂಚಿಕೆ ಆಮೇಲೆ. ಕಾರ್ಮಿಕನ ಕೂಲಿಯ ಬಗ್ಗೆ ನಮ್ಮ ತಕರಾರಿಲ್ಲ, ಅದು ಮೊದಲೇ ಸಲ್ಲಲಿ. ಆದರೆ ಮಣ್ಣು ಬ್ಯಾಂಕಿಗಿಂತ ಮುಂದೆ ನಿಲ್ಲಲಿ.

ಇನ್ನೊಂದು ದಾರಿಯೂ ಇದೆ. ಗಣಿ ಮುಚ್ಚುವ ಯೋಜನೆ ಮತ್ತು ಅದಕ್ಕೆ ಮುಂಗಡ ಹಣದ ಭದ್ರತೆ 2003ರಲ್ಲಿ ಕಡ್ಡಾಯವಾಯಿತು, ಕೋಲಾರದ ಗಣಿ ಮುಚ್ಚಿದ ಎರಡು ವರ್ಷದ ಮೇಲೆ! ವಿಷ ಬಳಸುವ ಕಾರ್ಖಾನೆಗೂ ಅದೇ ನಿಯಮ ಬರಲಿ. ಲಕ್ಷ್ಮಣತೀರ್ಥ, ಕಾವೇರಿ, ಕಬಿನಿ ಹರಿಯುವ ಈ ನಾಲ್ಕು ತಾಲ್ಲೂಕುಗಳಲ್ಲಿ ಅಂಥ ಕಾರ್ಖಾನೆಗೆ ಒಂದು ಎಕರೆ ಕೊಡುವ ಮುನ್ನ ಶುಚಿತ್ವದ ಠೇವಣಿ ಕಟ್ಟಿಸಿಕೊಳ್ಳಲಿ. ಆ ಹಣ ಕಂಪನಿಯ ಕೈಗೆಟುಕದ ಖಾತೆಯಲ್ಲಿರಲಿ, ಮೊತ್ತ ಎಷ್ಟೆಂಬುದು ಗ್ರಾಮ ಪಂಚಾಯ್ತಿಯ ಗೋಡೆಯ ಮೇಲಿರಲಿ. ರೈತನಿಂದ ಪಹಣಿ ಕೇಳುವ ವ್ಯವಸ್ಥೆ ಉದ್ಯಮಿಯಿಂದ ಇಷ್ಟನ್ನಾದರೂ ಕೇಳಬೇಡವೇ?