ಸರಿ ನೀರಾದರೆ ಸರಿಯಲ್ಲ

ಮಗುವಿಗೆಂದು ಮಾಡಿದ ರಾಗಿ ಸರಿಯನ್ನು ಒಂದು ಚಮಚ ತೆಗೆದು ಓರೆ ಮಾಡಿ ನೋಡಿ. ನೀರಿನಂತೆ ಸುರಿದುಹೋದರೆ ಅದು ಇನ್ನೂ ಊಟವಾಗಿಲ್ಲ. ಅಂಚಿನಲ್ಲಿ ತುಸು ನಿಂತು, ಆಮೇಲೆ ನಿಧಾನಕ್ಕೆ ಜಾರಿದರೆ ಹದ ಬಂದಿದೆ. ಆರು ತಿಂಗಳು ತುಂಬಿದ ಕೂಸಿಗೆ ಏನು ತಿನ್ನಿಸಬೇಕು ಎಂದು ಮನೆಮಂದಿಯೆಲ್ಲ ಮಾತಾಡುತ್ತಾರೆ. ಎಷ್ಟು ಗಟ್ಟಿಯಾಗಿ ತಿನ್ನಿಸಬೇಕು ಎಂದು ಕೇಳುವವರು ಕಡಿಮೆ. ನಾವು ಎಡವುವುದು ಅಲ್ಲೇ.

ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಆರು ತಿಂಗಳವರೆಗೆ ಎದೆಹಾಲೇ ಸಾಕು, ನೀರೂ ಬೇಡ. ಆಮೇಲೆ ಹಾಲು ಮುಂದುವರಿಯಬೇಕು, ಆದರೆ ಅದೊಂದೇ ಸಾಲದು. ಹಾಲಿನ ಜೊತೆಗೆ 6ರಿಂದ 8 ತಿಂಗಳ ಮಗುವಿಗೆ ದಿನಕ್ಕೆ ಸುಮಾರು 200 ಕ್ಯಾಲೊರಿಯಷ್ಟು ಊಟ ಬೇಕು. 9ರಿಂದ 11 ತಿಂಗಳಿಗೆ 300, ವರ್ಷ ದಾಟಿದ ಮೇಲೆ 550. ಈಗ 10 ಗ್ರಾಂ ರಾಗಿ ಹಿಟ್ಟನ್ನು 200 ಮಿ.ಲೀ. ನೀರಿನಲ್ಲಿ ಕದಡಿ ಕಾಯಿಸಿದಿರಿ ಎನ್ನಿ. ಸಿಗುವುದು 32 ಕ್ಯಾಲೊರಿ. ಅಷ್ಟೇ ಎದೆಹಾಲಿನಲ್ಲಿ ಅದರ ನಾಲ್ಕು ಪಟ್ಟು ಇರುತ್ತದೆ! ಮಗುವಿನ ಪುಟ್ಟ ಹೊಟ್ಟೆ ಒಂದು ಹೊತ್ತಿಗೆ ಹಿಡಿಯುವುದೇ ಹೆಚ್ಚುಕಡಿಮೆ ಒಂದು ಲೋಟ. ಆ ಜಾಗವನ್ನು ನೀರು ಸರಿಯಿಂದ ತುಂಬಿಸಿದರೆ ಮಗು ಸಾರವುಳ್ಳ ಹಾಲನ್ನು ಬಿಟ್ಟು ಸಪ್ಪೆಯದನ್ನು ಕುಡಿದಂತಾಯಿತು. ಬಾಟಲಿಯ ನಿಪ್ಪಲ್ಲಿನ ತೂತು ದೊಡ್ಡದು ಮಾಡಿ ಸರಿ ಕುಡಿಸುವ ಮನೆಗಳೂ ಇವೆ. ಬೇಳೆಕಟ್ಟಿನ ಕಥೆಯೂ ಇದೇ. ತಿಳಿ ಮಗುವಿಗೆ, ಬೇಳೆ ದೊಡ್ಡವರ ಸಾರಿಗೆ. ಆಗಬೇಕಾದದ್ದು ಇದರ ತಿರುಗುಮುರುಗು.

ಹಾಗಾದರೆ ಹಿಟ್ಟು ಹೆಚ್ಚು ಹಾಕಿದರಾಯಿತಲ್ಲ? ಹಾಕಿದರೆ ಸರಿ ಅಂಟಂಟಾಗಿ ಮುದ್ದೆ ಕಟ್ಟುತ್ತದೆ, ಹಲ್ಲಿಲ್ಲದ ಬಾಯಿ ಅದನ್ನು ನುಂಗಲಾರದು. ಈ ಇಕ್ಕಟ್ಟಿಗೆ ಉತ್ತರ ನಮ್ಮ ಅಜ್ಜಿಯರ ಕೈಯಲ್ಲೇ ಇತ್ತು. ರಾಗಿಯನ್ನು ತೊಳೆದು, ರಾತ್ರಿಯಿಡೀ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುತ್ತಿದ್ದರು. ಒಣಗಿಸಿ, ಹದವಾಗಿ ಹುರಿದು, ಬೀಸಿ, ವಸ್ತ್ರಗಾಳಿ ಹಿಡಿಯುತ್ತಿದ್ದರು. ಕಾಳು ಮೊಳೆಯುವಾಗ ಅದರೊಳಗೆ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಗಂಜಿಯನ್ನು ಅಂಟಾಗಿಸುವ ಪಿಷ್ಟವನ್ನು ಅದು ತುಂಡರಿಸುತ್ತದೆ. ಹಾಗಾಗಿ ಮೊಳಕೆ ಹಿಟ್ಟಿನ ಸರಿಗೆ ಹಿಟ್ಟು ಹೆಚ್ಚು ಹಿಡಿಸಬಹುದು, ಆದರೂ ಅದು ಚಮಚದಿಂದ ಜಾರುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಮೊಳಕೆ ರಾಗಿ ಬಳಸಿ ಶಿಶು ಆಹಾರ ರೂಪಿಸಿದ್ದು ಇದೇ ಗುಣವನ್ನು ನಂಬಿ.

ಇದರಲ್ಲೊಂದು ಸೂಕ್ಷ್ಮವಿದೆ. ಕುದಿಯುವ ನೀರಿಗೆ ಹಿಟ್ಟು ಸುರಿದರೆ ಕಿಣ್ವ ಕೆಲಸ ಶುರುಮಾಡುವ ಮೊದಲೇ ಸಾಯುತ್ತದೆ. ಹಿಟ್ಟು ಕಪ್ಪಾಗುವಷ್ಟು ಹುರಿದರೂ ಅಷ್ಟೇ. ತಣ್ಣೀರಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ ತಿರುವುತ್ತ ಕಾಯಿಸಿ, ಕೊನೆಗೆ ಚೆನ್ನಾಗಿ ಕುದಿಸಬೇಕು. ಮೊಳಕೆ ಕಟ್ಟಿದ ಬಟ್ಟೆಯಲ್ಲಿ ಬೆಳೆದಿರಬಹುದಾದ ಸೂಕ್ಷ್ಮಾಣುಗಳು ಸಾಯಲಿಕ್ಕೂ ಆ ಕುದಿ ಬೇಕೇಬೇಕು. ಇಳಿಸಿದ ಮೇಲೆ ಒಂದು ಚಿಕ್ಕ ಚಮಚ ತುಪ್ಪ ಬೆರೆಸಿದರೆ ಇನ್ನೂ ಸುಮಾರು 45 ಕ್ಯಾಲೊರಿ ಸೇರಿತು.

ರಾಗಿಯನ್ನು ಹೊಗಳುವಾಗ ಎಲ್ಲರೂ ಕ್ಯಾಲ್ಸಿಯಂ ಹೆಸರು ಹೇಳುತ್ತಾರೆ, ಅದು ನಿಜವೇ. 100 ಗ್ರಾಂ ರಾಗಿಯಲ್ಲಿ 340 ಮಿ.ಗ್ರಾಂ ದಾಟುತ್ತದೆ, ಅಕ್ಕಿ ಅದರ ಹತ್ತಿರಕ್ಕೂ ಬಾರದು. ಕಬ್ಬಿಣದ ವಿಷಯದಲ್ಲಿ ಮಾತ್ರ ರಾಗಿಯೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ಹುಟ್ಟುವಾಗ ತಾಯಿಯಿಂದ ಪಡೆದ ಕಬ್ಬಿಣದ ಗಂಟು ಆರನೇ ತಿಂಗಳ ಹೊತ್ತಿಗೆ ಕರಗುತ್ತ ಬಂದಿರುತ್ತದೆ. ಎದೆಹಾಲಿನಲ್ಲಿ ಕಬ್ಬಿಣ ಕಡಿಮೆ. ರಾಗಿಯಲ್ಲಿ ಇರುವುದನ್ನು ಅದರದೇ ಫೈಟೇಟ್ ಮತ್ತು ಟ್ಯಾನಿನ್‌ಗಳು ಮೈಗೆ ಹತ್ತಗೊಡುವುದಿಲ್ಲ. ಮೊಳಕೆ ಬರಿಸಿದರೆ ಫೈಟೇಟ್ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆಯಿದೆ. ರಾಗಿ ಉಣ್ಣುವ ನಾಡಿನ ಅಂಕಿ ಇದು.

ಆದ್ದರಿಂದ ಸರಿಯನ್ನು ಒಂಟಿಯಾಗಿ ಬಿಡಬೇಡಿ. ಮೊಟ್ಟೆ, ಮೀನು, ಮಾಂಸ ತಿನ್ನುವ ಮನೆಯಾದರೆ ನುಣ್ಣಗೆ ಬೇಯಿಸಿ, ಕಿವುಚಿ, ಆರನೇ ತಿಂಗಳು ಮುಗಿದ ಮೇಲೆ ಶುರುಮಾಡಬಹುದು. ವರ್ಷ ತುಂಬಲಿ ಎಂದು ಕಾಯಬೇಕಿಲ್ಲ. ತಿನ್ನದ ಮನೆಯಲ್ಲಿ ಹೆಸರುಬೇಳೆ, ಕಿವುಚಿದ ಕಾಳು, ಸೊಪ್ಪು ಇವುಗಳಿಗೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಕಬ್ಬಿಣ ಹೆಚ್ಚು ಹತ್ತುತ್ತದೆ. ಆಶಾ ಕಾರ್ಯಕರ್ತೆ ವಾರಕ್ಕೆರಡು ಸಲ 1 ಮಿ.ಲೀ. ಹಾಕಲು ಕೊಡುವ ಕಬ್ಬಿಣದ ಸಿರಪ್ಪನ್ನು ಕಪಾಟಿನಲ್ಲಿ ಮರೆತುಬಿಡಬೇಡಿ.

ಬೇಡದ್ದು ಸ್ವಲ್ಪವೇ. ವರ್ಷ ತುಂಬುವವರೆಗೆ ಜೇನುತುಪ್ಪ ಬೇಡ, ಬಜೆ ತೇಯ್ದು ನೆಕ್ಕಿಸುವ ನೆಪದಲ್ಲೂ ಬೇಡ. ಅದರಲ್ಲಿರಬಹುದಾದ ಬಾಟುಲಿಸಂ ಬೀಜಾಣು ಕೂಸಿನ ಕರುಳಿನಲ್ಲಿ ವಿಷ ಕಾರಬಲ್ಲದು. ಉಪ್ಪು, ಸಕ್ಕರೆ, ಬೆಲ್ಲದ ಅಗತ್ಯವಿಲ್ಲ. ಹತ್ತಾರು ಧಾನ್ಯ, ಬಾದಾಮಿ, ಗೋಡಂಬಿ ಎಲ್ಲ ಬೆರೆಸಿದ ಹಿಟ್ಟನ್ನು ಮೊದಲ ದಿನವೇ ಕೊಟ್ಟರೆ, ಮೈಮೇಲೆ ದದ್ದೆದ್ದಾಗ ಯಾವುದರಿಂದ ಎಂದು ಗೊತ್ತಾಗುವುದಿಲ್ಲ. ಹೊಸದನ್ನು ಒಂದೊಂದಾಗಿ ಸೇರಿಸಿ.

ಮಿಕ್ಸಿಯನ್ನೂ ಬೇಗ ಬದಿಗಿಡಿ. ಎಂಟು ತಿಂಗಳ ಹೊತ್ತಿಗೆ ಕೈಯಲ್ಲಿ ಕಿವುಚಿದ ಅನ್ನ-ಬೇಳೆ ಸಾಕು. ಸಣ್ಣ ತರಿ ಸಿಕ್ಕಿದರೇ ಮಗು ಅಗಿಯಲು ಕಲಿಯುವುದು. ವರ್ಷ ತುಂಬುವಾಗ ಖಾರ ಬೀಳುವ ಮೊದಲು ಸೊಪ್ಪಿನ ಸಾರು ಒಂದು ಸೌಟು ತೆಗೆದಿಡಿ. ಮನೆಯ ಮುದ್ದೆಯ ಮೆತ್ತನೆ ಚೂರನ್ನು ಅದರಲ್ಲಿ ಅದ್ದಿ ಕೊಟ್ಟರೆ ಮಗು ತಾನೇ ಕೈಹಾಕಿ ತಿನ್ನುತ್ತದೆ, ಅರ್ಧ ಬಾಯಿಗೆ, ಅರ್ಧ ಅಂಗಿಗೆ.