ಮೇಲಿನ ಮನೆಯ ಬಾಡಿಗೆ, ಕೆಳಗಿನ ಮನೆಯ ಸಾಲ

‘ಕೆಳಗೆ ನಾವಿರೋಣ, ಮೇಲಿನದನ್ನು ಬಾಡಿಗೆಗೆ ಕೊಡೋಣ, ಕಂತು ಅದರಲ್ಲೇ ತೀರುತ್ತೆ.’ ಬೆಂಗಳೂರಿನಲ್ಲಿ ಮೊದಲ ಮನೆ ಕೊಳ್ಳಲು ಹೊರಟವರಲ್ಲಿ ಈ ಮಾತು ಆಡದವರು ಕಡಿಮೆ. ಆಸೆ ತಪ್ಪಲ್ಲ, ಲೆಕ್ಕ ಮಾತ್ರ ಅರ್ಧಂಬರ್ಧ.

20-30ರ ಸೈಟಿನಲ್ಲಿ ಕಟ್ಟಿದ, ಎರಡು ಸಂಸಾರ ಬೇರೆ ಬೇರೆಯಾಗಿ ಇರಬಹುದಾದ ಮನೆಗೆ ಒಂದು ಕೋಟಿ ಎಂದಿಟ್ಟುಕೊಳ್ಳಿ. ಗೃಹಸಾಲ 75 ಲಕ್ಷ ದಾಟಿದರೆ ಬೆಲೆಯ ಮುಕ್ಕಾಲು ಪಾಲಿಗಿಂತ ಹೆಚ್ಚು ಕೊಡುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಹಾಗಾಗಿ ಈ ಮನೆಗೆ ಸಿಗುವ ಸಾಲ 75 ಲಕ್ಷ, ಉಳಿದ 25 ನಿಮ್ಮದು. ಮುದ್ರಾಂಕ ಶುಲ್ಕ, ನೋಂದಣಿ ಎಂದು ಇನ್ನೂ ಏಳು ಲಕ್ಷಕ್ಕೆ ಮೇಲೆ ಬೇಕು, ಅದೂ ಕೈಯಿಂದಲೇ. ಶೇ 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ತಿಂಗಳ ಕಂತು ಸುಮಾರು 65 ಸಾವಿರ. ಮೊದಲ ತಿಂಗಳ ಕಂತಿನಲ್ಲಿ 53 ಸಾವಿರ ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು 12 ಸಾವಿರ. ಮೇಲಿನ ಎರಡು ಕೋಣೆಯ ಮನೆಗೆ 20 ಸಾವಿರ ಬಾಡಿಗೆ ಬಂದರೆ ಅದು ಬಡ್ಡಿಯ ಅರ್ಧಕ್ಕೂ ಸಾಲದು.

ಇನ್ನೊಂದು ಮಗ್ಗುಲೂ ಇದೆ. ಇಷ್ಟು ದಿನ ನೀವೇ ಕಟ್ಟುತ್ತಿದ್ದ 20 ಸಾವಿರ ಬಾಡಿಗೆ ನಿಲ್ಲುತ್ತದೆ. ಎರಡೂ ಸೇರಿ 40 ಸಾವಿರ; ಕೊರತೆ 25 ಸಾವಿರಕ್ಕೆ ಇಳಿಯಿತು. ಬಾಡಿಗೆ ವರ್ಷ ವರ್ಷ ಏರುತ್ತದೆ, ಕಂತು ಅಷ್ಟಾಗಿ ಏರುವುದಿಲ್ಲ. ಆದ್ದರಿಂದ ಇದನ್ನು ಮೂರ್ಖರ ವ್ಯವಹಾರ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಆ 25 ಸಾವಿರ ಸಂಬಳದಿಂದ ಬರಬೇಕು. ಬಾಡಿಗೆದಾರರು ಬಿಟ್ಟುಹೋಗಿ ಹೊಸಬರು ಬರುವವರೆಗೆ, ಸುಣ್ಣಬಣ್ಣ ಮುಗಿಯುವವರೆಗೆ, 45 ಸಾವಿರ ಬರಬೇಕು. (ಊಟ ಏನು, ಜಾತಿ ಯಾವುದು ಎಂದು ಬಂದವರನ್ನೆಲ್ಲ ವಿಚಾರಿಸಿ ವಾಪಸು ಕಳಿಸಿ, ಆಮೇಲೆ ಮನೆ ಖಾಲಿ ಬಿದ್ದಿದೆ ಎಂದು ಗೊಣಗುವ ಮಾಲೀಕರ ಮೇಲೆ ನನಗೆ ಕನಿಕರವಿಲ್ಲ.)

ನಿಜವಾದ ಅಪಾಯ ಬೇರೆ ಕಡೆ ಇದೆ. ಕೈಯಲ್ಲಿ 25 ಲಕ್ಷ ಇಲ್ಲದವರು ಮೇಲಿನ ಮನೆಯನ್ನು ಭೋಗ್ಯಕ್ಕೆ ಹಾಕುತ್ತಾರೆ. ಹತ್ತು-ಹದಿನೈದು ಲಕ್ಷ ಒಟ್ಟಿಗೆ ಬರುತ್ತದೆ, ಎರಡು-ಮೂರು ವರ್ಷ ಬಾಡಿಗೆ ಇಲ್ಲ, ಅವಧಿ ಮುಗಿದಾಗ ಪೂರ್ತಿ ಹಣ ವಾಪಸು. ಆ ಹಣ ಬಾಕಿ ತೀರಿಸುವುದಕ್ಕೋ ಗೃಹಪ್ರವೇಶಕ್ಕೋ ಕರಗಿರುತ್ತದೆ. ಹಿಂದಿರುಗಿಸಲು ಮಾಲೀಕರಿಗೆ ಇರುವ ದಾರಿ ಒಂದೇ: ಇನ್ನೊಬ್ಬ ಭೋಗ್ಯದಾರನನ್ನು ಹುಡುಕುವುದು. ಅವನು ಸಿಗದಿದ್ದರೆ ಮೇಲಿನವರು ಕೆಳಗಿಳಿಯುವುದಿಲ್ಲ, ಇಳಿಯಬೇಕಾಗಿಯೂ ಇಲ್ಲ. ಬಾಡಿಗೆಯಂತೂ ಬರುವುದಿಲ್ಲ, ಬ್ಯಾಂಕಿನ ಕಂತು ಪೂರಾ ಸಂಬಳದ ಮೇಲೆ. ಕಂತು ನಿಂತು ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯಡಿ ಮನೆಯನ್ನು ವಶಕ್ಕೆ ತೆಗೆದುಕೊಳ್ಳಲು ಬಂದರೆ, ನೋಂದಣಿಯಾಗದ ಛಾಪಾ ಕಾಗದ ಹಿಡಿದು ನಿಂತ ಭೋಗ್ಯದಾರನ ಪಾಡು ಮಾಲೀಕನದಕ್ಕಿಂತ ಕಷ್ಟ. ಅವನ ಜೀವಮಾನದ ಉಳಿತಾಯವೂ ಅಲ್ಲೇ ಇರುತ್ತದೆ. ಭೋಗ್ಯದ ಹಣವನ್ನು ಸ್ವಂತ ಬಂಡವಾಳದಲ್ಲಿ ಸೇರಿಸಿ ಮನೆ ಕೊಳ್ಳುವುದು, ನನ್ನ ಮಟ್ಟಿಗೆ, ಎರಡನೆಯ ಸಾಲವನ್ನು ಬ್ಯಾಂಕಿನಿಂದ ಮುಚ್ಚಿಡುವುದು. ಬಾಡಿಗೆದಾರರು ಕೊಡುವ ಅಡ್ವಾನ್ಸಿಗೂ ಇದೇ ಮಾತು. ಅದು ಅವರದ್ದು, ನಿಮ್ಮ ಖಾತೆಯಲ್ಲಿ ಇದೆ ಅಷ್ಟೆ.

ಹಾಗಾದರೆ ಎಷ್ಟು ಕೂಡಿಟ್ಟರೆ ಸಾಕು? ಈ ಒಂದು ಕೋಟಿಯ ಮನೆಗೆ ಮುಂಗಡ 25 ಲಕ್ಷ, ನೋಂದಣಿ ಖರ್ಚು ಏಳೂ ಚಿಲ್ಲರೆ, ಆರು ತಿಂಗಳ ಕಂತಿಗೆ ನಾಲ್ಕು ಲಕ್ಷ: ಹತ್ತಿರ ಹತ್ತಿರ 37 ಲಕ್ಷ. ಸಂಪಿನ ಮೋಟಾರು ಸುಟ್ಟರೆ, ಮೇಲಿನ ಬಚ್ಚಲ ನೀರು ನಿಮ್ಮ ಅಡುಗೆಮನೆಯ ಚಾವಣಿಗೆ ಇಳಿದರೆ ತೆಗೆಯಲು ಒಂದಿಷ್ಟು ಬೇರೆ. ಇದು ದೊಡ್ಡ ಮೊತ್ತ, ಬಹಳ ಸಂಬಳದಾರರಿಗೆ ವರ್ಷಗಳ ಕೆಲಸ. ಬಾಡಿಗೆಯ ಸಾಲಿನಲ್ಲಿ ಸೊನ್ನೆ ಬರೆದು ಒಮ್ಮೆ ಲೆಕ್ಕ ಹಾಕಿ. ಆರು ತಿಂಗಳು ತಡೆಯುವಂತಿದ್ದರೆ ಕೊಳ್ಳಿ. ಇಲ್ಲದಿದ್ದರೆ ಊರಾಚೆ ಚಿಕ್ಕ ಮನೆ ನೋಡಿ, ಅಥವಾ ಇನ್ನೆರಡು ವರ್ಷ ಬಾಡಿಗೆ ಮನೆಯಲ್ಲೇ ಇರಿ.