ಸಾಲಿನೊಳಗಿನ ಪಂಕ್ತಿಭೇದ

ವಿನೋದೋದ್ಯಾನಗಳೆಂದರೆ ಮಕ್ಕಳ ಹಠಕ್ಕೂ ತರುಣರ ಕೂಗಾಟಕ್ಕೂ ಮೀಸಲಾದ ಸ್ಥಳಗಳೆಂದೂ, ಪ್ರಾಯ ಸಂದವರಿಗೆ ಅಲ್ಲಿ ಚೀಲ ಕಾಯುವುದನ್ನುಳಿದು ಬೇರೆ ಉದ್ಯೋಗವಿಲ್ಲವೆಂದೂ ನಮ್ಮ ಓರಗೆಯವರು ದೃಢವಾಗಿ ನಂಬಿರುತ್ತಾರೆ. ಆದುದರಿಂದಲೇ, ಮೊಮ್ಮಕ್ಕಳ ನೆವವೂ ಇಲ್ಲದೆ, ವಿದ್ಯಾರ್ಥಿದೆಸೆಯಿಂದ ಒಡನಾಡಿಯಾದ ಸ್ನೇಹಿತನೊಬ್ಬನ ಜೊತೆಗೂಡಿ ಬಿಡದಿಯ ವಂಡರ್ಲಾದಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಳೆದು ಬಂದೆನೆಂದು ಹೇಳಿದಾಗ ಕೇಳಿದವರೆಲ್ಲ ನಕ್ಕರು. ನಗಲಿ. ಆ ದಿನವು ನನಗೆ ಬಹು ಸಂತೋಷವನ್ನು ಕೊಟ್ಟಿತು. ಆದರೆ ಆ ಸಂತೋಷದ ಹೆಚ್ಚಿನ ಪಾಲು ದೊರೆತದ್ದು ಯಂತ್ರಗಳ ಮೇಲೆ ಕುಳಿತಾಗಲ್ಲ, ಅವುಗಳ ಮುಂದಿನ ಸಾಲಿನಲ್ಲಿ ನಿಂತಾಗ. ಮತ್ತು ಆ ಸಾಲನ್ನೇ ಜಗತ್ತಿನ ಉದ್ಯಾನಗಳು ಇತ್ತೀಚಿನ ವರ್ಷಗಳಲ್ಲಿ ಭಾಗಮಾಡಿ ಮಾರತೊಡಗಿರುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಇಂಥಲ್ಲಿ ಹೊತ್ತು ಹೇಗೆ ಹಂಚಿಹೋಗುತ್ತದೆಂಬುದನ್ನು ಹೋಗಿ ಬಂದವರೆಲ್ಲ ಬಲ್ಲರು. ರೋಲರ್ ಕೋಸ್ಟರಿನ ಓಟವು ಒಂದೆರಡು ನಿಮಿಷಗಳಲ್ಲಿ ತೀರುತ್ತದೆ. ರಜೆಯ ದಿನವಾದರೆ ಅದಕ್ಕಾಗಿ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಕಬ್ಬಿಣದ ಕಂಬಿಗಳ ನಡುವೆ ಹಾವಿನಂತೆ ಸುತ್ತಿಕೊಂಡ ಸಾಲಿನಲ್ಲಿ ಹೆಜ್ಜೆಹೆಜ್ಜೆಯಾಗಿ ಸರಿಯಬೇಕು. ಲೆಕ್ಕಕ್ಕೆ ಇದು ಶುದ್ಧ ನಷ್ಟ. ಆದರೆ ಇಬ್ಬರು ಮಿತ್ರರು ಮಾಡಬೇಕಾದ ಕೆಲಸವೊಂದೂ ಇಲ್ಲದೆ, ಎದ್ದು ಹೋಗಲು ಕಾರಣವೂ ಇಲ್ಲದೆ, ಭುಜಕ್ಕೆ ಭುಜ ತಾಗಿಸಿಕೊಂಡು ಒಂದು ಗಂಟೆ ನಿಲ್ಲುವ ಅವಕಾಶವು ಈಗಿನ ಬಾಳಿನಲ್ಲಿ ಬೇರೆಲ್ಲಿ ಉಂಟು? ಮದುವೆಯ ಮನೆಗಳಲ್ಲಿ ಭೇಟಿಯಾಗುತ್ತೇವೆ, ಊಟದ ಕರೆ ಬರುತ್ತದೆ. ಮನೆಗೆ ಹೋದರೆ ಟೆಲಿವಿಷನ್ ಮಾತಿಗೆ ಅಡ್ಡ ಬರುತ್ತದೆ. ಎಲ್ಲಿಯೇ ಕುಳಿತರೂ ಕಿಸೆಯಲ್ಲಿರುವ ಮೊಬೈಲು ಮೂರನೆಯವನಾಗಿ ಬಂದು ಕೂಡುತ್ತದೆ. ಜಲಕ್ರೀಡೆಯ ಭಾಗದಲ್ಲಿಯಾದರೋ ಅದನ್ನು ಲಾಕರಿನಲ್ಲಿ ಬಿಟ್ಟು, ಕೀಲಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡು ಹೊರಡಬೇಕು. ಅಲ್ಲಿಗೆ ಹತ್ತಿಯ ಬಟ್ಟೆ ಸಲ್ಲದು, ನೈಲಾನಿನ ಉಡುಪೇ ಆಗಬೇಕು. ಪಂಚೆಯುಟ್ಟು ಬಾಳಿದ ಇಬ್ಬರು ವೃದ್ಧರು ಆ ವೇಷದಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡ ಮೇಲೆ ಅವರ ನಡುವೆ ಬಿಗುಮಾನವೆಂಬುದು ಉಳಿಯುವ ಸಂಭವವೂ ಇಲ್ಲ.

ನನ್ನ ಸ್ನೇಹಿತನು ಭೌತಶಾಸ್ತ್ರದ ಅಧ್ಯಾಪಕನಾಗಿದ್ದು ನಿವೃತ್ತನಾದವನು. ಆಕಾಶದಲ್ಲಿ ಸುರುಳಿ ಸುತ್ತುವ ಹಳಿಯನ್ನು ಕಂಡೊಡನೆ ಅವನೊಳಗಿನ ಮೇಷ್ಟರು ಎಚ್ಚತ್ತರು. ಸುರುಳಿಯು ಪೂರ್ಣ ವೃತ್ತವಾಗಿರದೆ ನೀರ ಹನಿಯ ಆಕಾರದಲ್ಲಿ ಮೇಲೆ ಕಿರಿದಾಗಿ ಕೆಳಗೆ ಹರಡಿಕೊಂಡಿರುವುದೇಕೆಂದು ಅವನು ವಿವರಿಸತೊಡಗಿದನು. ಬಂಡಿಯು ಕೇವಲ ತನ್ನ ವೇಗದ ಬಲದಿಂದ ವೃತ್ತದ ನೆತ್ತಿಯನ್ನು ಹಳಿ ಬಿಡದೆ ದಾಟಬೇಕಾದರೆ, ತಳದಲ್ಲಿ ಅದರೊಳಗೆ ಕುಳಿತವನ ಮೇಲೆ ಅವನ ತೂಕದ ಆರರಷ್ಟು ಭಾರ ಬೀಳುವುದೆಂದೂ, 1895ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಅಂಥ ವೃತ್ತಾಕಾರದ ಹಳಿಯೊಂದನ್ನು ಕಟ್ಟಿದಾಗ ಹತ್ತಿದವರು ಕತ್ತು ಹಿಡಿದುಕೊಂಡು ಇಳಿದರೆಂದೂ, 1976ರಲ್ಲಿ ವರ್ನರ್ ಸ್ಟೆಂಗೆಲ್ ಎಂಬ ಜರ್ಮನ್ ಎಂಜಿನಿಯರನು ಕ್ಯಾಲಿಫೋರ್ನಿಯದ ಮ್ಯಾಜಿಕ್ ಮೌಂಟನ್ ಉದ್ಯಾನಕ್ಕಾಗಿ ಹನಿಯಾಕಾರದ ಸುರುಳಿಯನ್ನು ಯೋಜಿಸಿದ ಮೇಲೆಯೇ ಈ ವಿನೋದವು ಕತ್ತಿಗೆ ಸಹ್ಯವಾಯಿತೆಂದೂ ಅವನು ಹೇಳುತ್ತಿರಲು, ಮುಂದೆ ನಿಂತಿದ್ದ ಕಾಲೇಜಿನ ಹುಡುಗರು ಒಬ್ಬೊಬ್ಬರಾಗಿ ಇತ್ತ ತಿರುಗಿದರು. "ಸರ್, ಹಾಗಾದರೆ ತಲೆಕೆಳಗಾದಾಗ ಪಟ್ಟಿಯೇ ಇಲ್ಲದಿದ್ದರೂ ನಾವು ಬೀಳುವುದಿಲ್ಲವೇ?" ಎಂದು ಒಬ್ಬನು ಕೇಳಿದನು. "ಲೆಕ್ಕದ ಪ್ರಕಾರ ಬೀಳುವುದಿಲ್ಲಪ್ಪಾ, ನೀನು ಮಾತ್ರ ಪಟ್ಟಿ ಕಟ್ಟಿಕೋ" ಎಂದನು ನನ್ನ ಸ್ನೇಹಿತ. ತರಗತಿಯಲ್ಲಿ ಆಕಳಿಸುವ ವಯಸ್ಸಿನವರು ಸುಡುಬಿಸಿಲಿನಲ್ಲಿ ನಿಂತು ಕೇಂದ್ರಾಭಿಮುಖ ಬಲದ ಪಾಠವನ್ನು ಅಷ್ಟು ಏಕಾಗ್ರತೆಯಿಂದ ಕೇಳಿದ್ದನ್ನು ನಾನು ಬೇರೆಲ್ಲಿಯೂ ಕಾಣೆನು. ಇನ್ನು ಹತ್ತು ನಿಮಿಷಗಳಲ್ಲಿ ಆ ಬಲದ ಪಾಲಿಗೆ ತಾವೇ ಬೀಳಲಿದ್ದುದರಿಂದ ಅವರಿಗೆ ವಿಷಯದಲ್ಲಿ ಆಸಕ್ತಿ ಸಹಜವೇ ಆಗಿದ್ದಿತು.

ಮಧ್ಯಾಹ್ನದ ಮೇಲೆ ಹುಡುಗರು ಬೇರೆ ಕಡೆಗೆ ಹೋದರು, ಇನ್ನೊಂದು ಸಾಲಿನಲ್ಲಿ ನಾವಿಬ್ಬರೇ ಆದೆವು. ಆಗ ಅವನು, ಯಾವ ಪೀಠಿಕೆಯೂ ಇಲ್ಲದೆ, ತಾರುಣ್ಯದಲ್ಲಿ ಟ್ರಾಂಬೆಯಲ್ಲಿ ದೊರೆತಿದ್ದ ಕೆಲಸವನ್ನು ಬಿಟ್ಟು ಊರಿಗೆ ಮರಳಿದ್ದೇಕೆಂಬುದನ್ನು ಹೇಳಿದನು. ಬಹುಕಾಲ ನಾವೆಲ್ಲ ಅದಕ್ಕೆ ಬೇರೆ ಬೇರೆ ಕಾರಣಗಳನ್ನು ಕಟ್ಟಿಕೊಂಡಿದ್ದೆವು. ನಿಜವಾದ ಕಾರಣವು ಅವುಗಳಲ್ಲಿ ಒಂದೂ ಆಗಿರಲಿಲ್ಲ. ಅದನ್ನು ಪತ್ರಿಕೆಯಲ್ಲಿ ಬರೆಯುವುದು ಸ್ನೇಹಧರ್ಮಕ್ಕೆ ಸಲ್ಲದು. ಆ ಮಾತು ಆಡುವುದಕ್ಕೆ ಆ ಹೊತ್ತೇ ಅವನಿಗೆ ಅನುಕೂಲವಾಯಿತೆಂಬುದಷ್ಟೇ ಇಲ್ಲಿ ಪ್ರಸ್ತುತ: ಇಬ್ಬರೂ ಮುಂದೆ ನೋಡುತ್ತ ನಿಂತಿರುತ್ತೇವೆ, ಮುಖ ನೋಡುವ ಸಂಕೋಚವಿಲ್ಲ, ಮಾತು ಭಾರವಾದರೆ ಸಾಲು ಸರಿಯಿತೆಂಬ ನೆಪದಿಂದ ಎರಡು ಹೆಜ್ಜೆ ನಡೆದು ಸುಧಾರಿಸಿಕೊಳ್ಳಬಹುದು.

ಈಗ ವಾದಕ್ಕೆ ಬರುತ್ತೇನೆ. ನಮ್ಮ ಜಾತ್ರೆಗಳ ರಂಕಲರಾಟೆಯಲ್ಲಿಯೂ, 1884ರಲ್ಲಿ ಕೋನಿ ಐಲೆಂಡಿನಲ್ಲಿ ಥಾಂಪ್ಸನ್ ಎಂಬಾತನು ಐದು ಸೆಂಟುಗಳಿಗೆ ಓಡಿಸಿದ ಇಳಿಜಾರಿನ ರೈಲಿನಲ್ಲಿಯೂ, ಒಂದೊಂದು ಸುತ್ತಿಗೆ ಒಂದೊಂದು ಸಲ ಕಾಸು ಕೊಡುವುದೇ ಪದ್ಧತಿಯಾಗಿದ್ದಿತು. 1897ರಲ್ಲಿ ಅದೇ ಕಡಲತೀರದಲ್ಲಿ ಜಾರ್ಜ್ ಟಿಲ್ಯು ತನ್ನ ಸ್ಟೀಪಲ್‌ಚೇಸ್ ಪಾರ್ಕಿಗೆ ಆವರಣ ಹಾಕಿ, ಬಾಗಿಲಿನಲ್ಲಿ 25 ಸೆಂಟು ಕೊಟ್ಟವನಿಗೆ ಒಳಗಿನದೆಲ್ಲವೂ ಮುಕ್ತವೆಂದು ಸಾರಿದನು. ಅವನ ಉದ್ದೇಶವು ಲಾಭವೇ ಆಗಿದ್ದಿರಬೇಕು. ಆದರೆ ಅರಿತೋ ಅರಿಯದೆಯೋ ಅವನು, ಬಾಗಿಲು ದಾಟಿದವರೆಲ್ಲ ಸಮಾನರಾಗುವ ಒಂದು ಪುಟ್ಟ ಪ್ರಪಂಚವನ್ನು ನಿರ್ಮಿಸಿದನು. ವಾಲ್ಟ್ ಡಿಸ್ನಿಯು 1955ರಲ್ಲಿ ತೆರೆದ ಡಿಸ್ನಿಲ್ಯಾಂಡಿನಲ್ಲಿ ಎ, ಬಿ, ಸಿ ಎಂದು ದರ್ಜೆಗಳನ್ನು ಗುರುತಿಸಿದ ಚೀಟಿಯ ಪುಸ್ತಕಗಳು ಬಂದು, ದರ್ಜೆಗಳು ಬೆಳೆದು, ಅತ್ಯುತ್ತಮವಾದ ಸವಾರಿಗಳಿಗೆ ಇ ಎಂಬ ಚೀಟಿ ಬೇಕಾಗಿದ್ದರೂ, 1982ರಲ್ಲಿ ಆ ಪುಸ್ತಕಗಳನ್ನು ತೆಗೆದು ಒಂದೇ ಪ್ರವೇಶದರವನ್ನು ಇಟ್ಟರು. 1999ರಲ್ಲಿ ಅವರು ತಂದ ಫಾಸ್ಟ್‌ಪಾಸ್ ಕೂಡ ಎಲ್ಲರಿಗೂ ಉಚಿತವಾಗಿ, ಗೊತ್ತಾದ ಹೊತ್ತಿಗೆ ಬನ್ನಿರೆಂದು ಕೊಡುವ ಚೀಟಿಯೇ ಆಗಿದ್ದಿತು. 2021ರಲ್ಲಿ ಅದು ಹೋಗಿ, ಹಣ ತೆತ್ತವರಿಗೆ ಬೇರೆ ಸಾಲು ಬಂದಿತು. ನಮ್ಮ ದೇಶದ ದೊಡ್ಡ ಉದ್ಯಾನಗಳಲ್ಲಿಯೂ ಹೆಚ್ಚಿನ ದರಕ್ಕೆ ಫಾಸ್ಟ್ ಟ್ರ್ಯಾಕ್ ಟಿಕೆಟ್ಟು ಈಗ ದೊರೆಯುತ್ತದೆ.

ಇದರಲ್ಲಿ ತಪ್ಪೇನು, ಕೊಳ್ಳುವವರು ಕೊಳ್ಳಲಿ, ಬಿಡುವವರು ಬಿಡಲಿ, ಎಂದು ಕೇಳುವವರಿದ್ದಾರೆ. ಒಳ್ಳೆಯ ಊಟವನ್ನೋ ದೊಡ್ಡ ಲಾಕರನ್ನೋ ಹೆಚ್ಚಿನ ಹಣಕ್ಕೆ ಮಾರಿದರೆ ನನ್ನ ತಕರಾರಿಲ್ಲ. ಅದರಿಂದ ನನ್ನ ತಟ್ಟೆಯ ಅನ್ನವೇನೂ ಕಡಿಮೆಯಾಗುವುದಿಲ್ಲ. ಸಾಲಿನ ವ್ಯವಹಾರವು ಹಾಗಲ್ಲ. 24 ಜನ ಕೂಡುವ ಬಂಡಿಯೊಂದು ಎರಡು ನಿಮಿಷಕ್ಕೊಮ್ಮೆ ಹೊರಡುತ್ತದೆಂದು ಇಟ್ಟುಕೊಂಡರೆ ಗಂಟೆಗೆ 720 ಆಸನಗಳು. ಎಷ್ಟು ಹಣ ಕೊಟ್ಟರೂ 721ನೆಯದು ಹುಟ್ಟುವುದಿಲ್ಲ. ಒಬ್ಬನಿಗೆ ಮಾರಿದ ತ್ವರೆಯು ಇನ್ನೊಬ್ಬನಿಂದ ತೆಗೆದುಕೊಂಡ ಹೊತ್ತು. ಮಾರುವವನು ತನ್ನದಲ್ಲದ ಸರಕನ್ನು ಮಾರುತ್ತಾನೆ, ಅದರ ಯಜಮಾನನಿಗೆ ಕಾಸೂ ಸಲ್ಲುವುದಿಲ್ಲ. ಸಾಲು ಬೇಸರ ಬರುವಷ್ಟು ಉದ್ದವಾದಾಗಲೇ ಈ ಟಿಕೆಟ್ಟಿಗೆ ಗಿರಾಕಿಗಳು ಹೆಚ್ಚುವುದರಿಂದ, ಸಾಲನ್ನು ಮೊಟಕುಮಾಡುವ ಉತ್ಸಾಹವೂ ವ್ಯವಸ್ಥಾಪಕರಲ್ಲಿ ಕುಗ್ಗಿದರೆ ಆಶ್ಚರ್ಯವಿಲ್ಲ.

ಒಂದೇ ಪಂಕ್ತಿಯಲ್ಲಿ ಕುಳಿತವರಲ್ಲಿ ಒಬ್ಬನ ಎಲೆಗೆ ತುಪ್ಪ, ಇನ್ನೊಬ್ಬನ ಎಲೆಗೆ ಬರಿಯ ಸಾರು ಬಡಿಸುವುದನ್ನು ನಮ್ಮ ಹಿರಿಯರು ದೋಷವೆಂದರು. ಜಾತಿಯ ವಿಷಯದಲ್ಲಿ ಆ ಮಾತನ್ನು ತಾವೇ ಗಾಳಿಗೆ ತೂರಿದರೆಂಬುದು ಬೇರೆಯ, ನಾಚಿಕೆಯ ಕಥೆ. ದೇವಾಲಯಗಳಲ್ಲಿಯೇ ವಿಶೇಷದರ್ಶನದ ಚೀಟಿ ನಡೆಯುತ್ತಿರುವಾಗ, ತಿರುಪತಿಯಲ್ಲಿ 300 ರೂಪಾಯಿಗೆ ಶೀಘ್ರದರ್ಶನ ದೊರೆಯುತ್ತಿರುವಾಗ, ವಿನೋದದ ಅಂಗಡಿಯನ್ನು ಮಾತ್ರ ದೂರುವುದೇಕೆಂಬ ಆಕ್ಷೇಪಣೆ ನ್ಯಾಯವಾದುದೇ. ದೇವಾಲಯದ ವಿಷಯದಲ್ಲಿಯೂ ನನ್ನ ಅಭಿಪ್ರಾಯ ಇದೇ. ಆದರೂ ಅಲ್ಲಿಗೆ ಹೋದವನಿಗೆ ದೇವರು ಮುಖ್ಯ, ಜೊತೆಗಾರನು ಆಮೇಲೆ; ಇಲ್ಲಿಯಾದರೋ ಜೊತೆಗಾರನನ್ನು ಬಿಟ್ಟರೆ ದಿನದಲ್ಲಿ ಉಳಿಯುವುದು ತಲೆಸುತ್ತು ಮಾತ್ರ. ಇಬ್ಬರು ಗೆಳೆಯರಲ್ಲಿ ಒಬ್ಬನಿಗೆ ಆ ಟಿಕೆಟ್ಟಿನ ಶಕ್ತಿಯಿದ್ದು ಇನ್ನೊಬ್ಬನಿಗೆ ಇಲ್ಲವಾದರೆ, ಇವನ ಹಣದಲ್ಲಿ ಅವನು ಹೋಗಬೇಕು ಅಥವಾ ಇಬ್ಬರೂ ಬೇರೆ ಬೇರೆ ನಿಲ್ಲಬೇಕು. ಬಾಗಿಲಿನ ಒಳಗಾದರೂ ಯಾರ ಸಂಬಳವೆಷ್ಟೆಂಬುದು ನೆನಪಾಗದಂತೆ ಒಂದು ದಿನ ಇರಬಹುದಾಗಿದ್ದ ಸೌಕರ್ಯವು ಅಲ್ಲಿಗೆ ಮುಗಿಯಿತು.

ಹಣವೇ ಬೇಕಾದರೆ ಬಾಗಿಲಿನ ದರವನ್ನು ಸ್ವಲ್ಪ ಏರಿಸಲಿ, ಕಿಕ್ಕಿರಿದ ದಿನಗಳಲ್ಲಿ ಇಂತಿಷ್ಟೇ ಜನವೆಂದು ಮಿತಿ ಮಾಡಲಿ. ಅಂಗವಿಕಲರಿಗೂ ಎಳೆಯ ಮಕ್ಕಳ ತಾಯಂದಿರಿಗೂ ಮೊದಲ ಅವಕಾಶ ಕೊಡುವುದಕ್ಕೆ ಸಾಲಿನಲ್ಲಿ ನಿಂತ ಯಾರೂ ಗೊಣಗುವುದಿಲ್ಲ. ಅಗತ್ಯಕ್ಕೆ ದಾರಿ ಬಿಡುವುದು ಬೇರೆ, ಹಣಕ್ಕೆ ಬಿಡುವುದು ಬೇರೆ. ನನ್ನ ಈ ವಾದವೆಲ್ಲವೂ ಸ್ನೇಹಿತನ ಮೊಣಕಾಲುಗಳಿಗೆ ಮಾತ್ರ ಒಪ್ಪಿಗೆಯಾಗಿಲ್ಲ. ಮುಂದಿನ ಸಲ ಆ ದುಬಾರಿ ಟಿಕೆಟ್ಟನ್ನೇ ತೆಗೆದುಕೊಳ್ಳೋಣವೆಂದೂ, ನನ್ನ ಪಾಲಿನದನ್ನೂ ತಾನೇ ಕೊಡುವೆನೆಂದೂ ಅವನು ಹೇಳುತ್ತಾನೆ. ಅವನಿಗೆ ನಾನು ಕೊಡಬಹುದಾದ ಉತ್ತರವು ತರ್ಕದ್ದಲ್ಲ, ಬಡಗಿಯದು: ಆ ಕಂಬಿಗಳ ಪಕ್ಕದಲ್ಲಿ ಉದ್ದಕ್ಕೂ ಒಂದಡಿ ಅಗಲದ ಹಲಗೆಯ ಬೆಂಚು, ಮೇಲೆ ನೆರಳು, ನಡುನಡುವೆ ಕುಡಿಯುವ ನೀರಿನ ನಲ್ಲಿ. ಕೋಟಿಗಟ್ಟಲೆ ಬೆಲೆಯ ಯಂತ್ರಗಳನ್ನು ವಿದೇಶಗಳಿಂದ ತರಿಸಬಲ್ಲವರಿಗೆ ಇಷ್ಟನ್ನು ಮಾಡಿಸುವುದು ಒಂದು ವಾರದ ಕೆಲಸವಾದೀತು.